ಎಸ್ತ್ರೆಯಾ ಯಾರು

ರಾತ್ರಿ ಹತ್ತೂವರೆ. ಕೆ.ಟಿ.ಜೆ. ನಗರದ ನಮ್ಮ ತಾರಸಿ
ದೋಸೆ ಎತ್ತಿದ ಮೇಲೂ ಆರದ ಕಾವಲಿ.
ಹೊಲಿಗೆ ಮಿಷನ್ನಿಗೆ ಮುಸುಕು ಹಾಕಿ ಬಂದು
ಸಂಡಿಗೆ ಬಟ್ಟೆಯನ್ನು ಒಂದು ಮೂಲೆಗೆ ಎಳೆದು
ಚಾಪೆಗೆ ನೀರು ಚಿಮುಕಿಸಿ ಮಲಗಿದೆನೋ ಇಲ್ಲವೋ
ಎದೆಯ ಮೇಲೆ ಫೋನು ಗುಂಯ್ ಅಂತು.

ಮಂಡಕ್ಕಿ ಭಟ್ಟಿಯಿಂದ ಝರೀನಾ:
'ನೋಡಿದ್ರೇನ್ರೇ? ಇವತ್ತೂ ಅತ್ತ.'

ಅತ್ತವನು ದೋನ್ ಅನ್ಸೆಲ್ಮೊ.
ಮೆಕ್ಸಿಕೋದ ಯಾವುದೋ ಎಸ್ಟೇಟಿನ ಒಡೆಯ, ಬಿಳಿ ಮೀಸೆ.
ಹೋದ ಬೇಸಿಗೆ ಝರೀನಾಳ ತಮ್ಮ ಎಲ್ಲಿಂದಲೋ ತಂದ
ನೂರಾ ಹನ್ನೆರಡು ಕಂತು, ಎಲ್ಲ ಸ್ಪ್ಯಾನಿಷ್ಷು,
ಕೆಳಗೆ ಒಂದಕ್ಷರ ಅಡಿಬರಹವಿಲ್ಲ.
ನಮಗೆ ಬರುವುದು ಮೂರೇ ಮಾತು:
ಪ್ರೀತಿ, ಕ್ಷಮಿಸು, ಶಾಪಗ್ರಸ್ತೆ.
ಮೂರನೆಯದನ್ನು ಝರೀನಾ ಬೆಕ್ಕಿನ ಮೇಲೆ ಪ್ರಯೋಗಿಸುತ್ತಾಳೆ,
ಹಾಲಿನ ಪಾತ್ರೆ ಉರುಳಿದಾಗ: 'ಮಾಲ್ದೀತಾ!'
ಬೆಕ್ಕು ತಿರುಗಿ ನೋಡುತ್ತದೆ. ಹೆಸರೇ ಅದು ಅಂದುಕೊಂಡಿದೆ.

ಅನ್ಸೆಲ್ಮೊ ಅಳುವುದು ಎಸ್ತ್ರೆಯಾಳಿಗಾಗಿ.
ಹತ್ತೊಂಬತ್ತು ಕಂತಿನಿಂದ ಅವಳು ಸತ್ತಿದ್ದಾಳೆ,
ಒಮ್ಮೆಯೂ ಮುಖ ತೋರಿಸಿಲ್ಲ.

'ಹೆಂಡತಿ' ಅಂದಳು ಕೊಟ್ರಮ್ಮ, ಚಿತ್ರದುರ್ಗದಿಂದ,
'ಹೆರಿಗೇಲಿ ಹೋಗವಳೆ. ವಾರ್ಡಿನ ಹೊರಗೆ
ಗಂಡಂದಿರು ಹಿಂಗೇ ನಿಂತ್ಕಂತಾರೆ, ಚಪ್ಪಲಿ ನೋಡ್ಕಂಡು.'
'ತಂಗಿ' ಅಂದಳು ಝರೀನಾ. ಅವನ ಜೇಬಿನಲ್ಲಿ
ಒಂದು ಪುಟ್ಟ ಗೆಜ್ಜೆ ಇತ್ತಲ್ಲ.
ನಾನು ಮೊದಲ ಪ್ರೀತಿ ಅಂದೆ.
ಕೆಂಪು ರಿಬ್ಬನ್ನನ್ನು ಮೂಸುತ್ತಾನೆ ಅವನು,
ಸ್ಯಾಟಿನ್, ಎರಡಿಂಚು ಅಗಲ, ಅಂಚಿಗೆ ಕೈಹೊಲಿಗೆ.
ಮೂರು ಹೊತ್ತೂ ಜಗಳ. ಮಧ್ಯೆ ಮಧ್ಯೆ
ನಲ್ಲಿ ಎಂಟು ದಿನಕ್ಕೊಮ್ಮೆ, ನಿಂಬೆಹಣ್ಣು ಎಂಟು ರೂಪಾಯಿಗೊಂದು,
'ನಿಮ್ದೇನ್ ಬಿಸಿಲು, ದುರ್ಗಕ್ಕೆ ಬರ್ರೇ,
ಬಂಡೆ ಹಗಲೆಲ್ಲ ನುಂಗಿದ್ದನ್ನ ರಾತ್ರಿ ಕಾರ್ತತೆ,'
'ಭಟ್ಟಿ ಮುಂದೆ ಒಂದು ತಾಸು ನಿಂತು ಆಮೇಲೆ ಹೇಳು.'

ಈ ರಾತ್ರಿ ತಮ್ಮ ಅಡಿಬರಹ ಹುಡುಕಿ ಕೊಟ್ಟನಂತೆ.
'ಕೂತ್ಕೊಳ್ರೇ' ಅಂದಳು ಝರೀನಾ.
'ಎಸ್ತ್ರೆಯಾ ಅಂದ್ರೆ ಅವನ ಕುದುರೆ.'

ನಾನು ನಕ್ಕ ನಗುವಿಗೆ
ಪಕ್ಕದ ಮಾಳಿಗೆಯವರು ಎದ್ದು ಕೂತರು.
ಗೆಜ್ಜೆ ಕುದುರೆಯದು! ರಿಬ್ಬನ್ನು ಜೂಲಿನದು!
ಝರೀನಾ ಹದಿನಾಲ್ಕು ನಗುಮುಖ ಕಳಿಸಿದಳು, ಎಣಿಸಿದೆ.

ಕೊಟ್ರಮ್ಮ ಬರೆಯುತ್ತಿದ್ದಾಳೆ ಅಂತ ತೋರಿಸಿತು.
ನಿಂತಿತು. ಮತ್ತೆ ತೋರಿಸಿತು. ನಿಂತಿತು.
ಆಮೇಲೆ:

'ಶಿವರಾತ್ರಿ ಆದ್ಮೇಲೆ ಕೆಂಚ ಹೋದ್ನಲ್ಲ.
ಮೂರು ದಿನ ರಜೆ ಕೇಳಿದ್ದೆ.
ಯಾರು ತೀರ್ಕಂಡ್ರು ಅಂತ ಅರ್ಜೀಲಿ ಬರೀಬೇಕಿತ್ತು.
ನಾಯಿ ಅಂತ ಹೆಂಗ್ ಬರೀಲಿ.
ದೊಡ್ಡಪ್ಪ ಅಂತ ಬರ್ದೆ.'

ಸ್ವಲ್ಪ ಹೊತ್ತಿಗೆ:
'ದೊಡ್ಡಪ್ಪ ಹಿರಿಯೂರಲ್ಲಿ ಚೆನ್ನಾಗವ್ನೆ.
ಮೊನ್ನೆ ಮಾವಿನಕಾಯಿ ಕಳ್ಸಿದ್ದ.'

ನಗಬೇಕೋ ಬೇಡವೋ ತಿಳಿಯಲಿಲ್ಲ.
ಕೆಂಚನನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ,
ಒಂದು ಕಿವಿ ಮಡಚಿದ್ದು, ಹಿಂದೆ ಗುಡ್ಡದ ಮೇಲೆ
ಗಾಳಿಯಂತ್ರದ ಒಂದು ರೆಕ್ಕೆ.
'ಹತ್ತೊಂಬತ್ತು ಕಂತು ಅಳಬಹುದು ಕಣೇ, ಲೆಕ್ಕ ಐತೆ'
ಅಂತ ಬರೆದೆ. ಅಳಿಸಿದೆ.

ಅಷ್ಟರಲ್ಲಿ ಕರೆಂಟು ಹೋಯಿತು, ಇಡೀ ಓಣಿ ಉಸ್ ಅಂತು.
ಕತ್ತಲಲ್ಲಿ ಝರೀನಾ ಕಳಿಸಿದ ಧ್ವನಿ, ಹದಿನೈದು ಸೆಕೆಂಡು,
ಮಾತಿಲ್ಲ: ರಾತ್ರಿ ಪಾಳಿಯ ಭಟ್ಟಿ,
ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳುವುದು,
ಕೊನೆಯಲ್ಲಿ ಬೆಕ್ಕೊಂದು ಆಕಳಿಸಿದಂತೆ.

'ನಾಳೆಯಿಂದ ಅಡಿಬರಹ ತೆಗ್ದೇ ನೋಡನ' ಅಂದಳು ಕೊಟ್ರಮ್ಮ.
'ಎಸ್ಟೇಟಿನ ಅಡುಗೆಯವಳು ಯಾರ ಮಗಳು ಅಂತ
ಇನ್ನೂ ತೀರ್ಮಾನ ಆಗಿಲ್ಲ.'